ಅರಮನೆಯ ಚಿತ್ರದೊಳಗೆ ಏನಿದೆ? ‘ಲಾಸ್ ಮೆನಿನಾಸ್’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಚಿತ್ರಕಲಾ ವಿದ್ಯಾರ್ಥಿಗಳು, ಡ್ರಾಯಿಂಗ್ ಮಾಸ್ತರರು, ಸುಮ್ಮನೆ ಕುತೂಹಲಕ್ಕೆ ಕೇಳುವವರು ಈ ಚಿತ್ರದ ಬಗ್ಗೆ ಎತ್ತುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದೆ. ಮೊಬೈಲಿನಲ್ಲಿ ಚಿತ್ರ ತೆರೆದಿಟ್ಟುಕೊಂಡೇ ಓದಿ. ಇಲ್ಲದಿದ್ದರೆ ಅರ್ಧ ಮಾತು ಗಾಳಿಗೆ ಹೋಗುತ್ತದೆ.

ಇದು ಯಾರು ಬರೆದದ್ದು, ಯಾವಾಗಿಂದು, ಎಷ್ಟು ದೊಡ್ಡದೈತಿ?

ಸ್ಪೇನಿನ ಆಸ್ಥಾನ ಚಿತ್ರಕಾರ ಡಿಯೆಗೋ ವೆಲಾಸ್ಕೆಸ್ (1599–1660) ಬರೆದ ತೈಲಚಿತ್ರ. ವರ್ಷ 1656. ಎತ್ತರ 320.5 ಸೆಂಟಿಮೀಟರ್, ಅಗಲ 281.5. ನಮ್ಮ ಲೆಕ್ಕದಲ್ಲಿ ಹತ್ತೂವರೆ ಅಡಿ ಎತ್ತರ, ಒಂಬತ್ತೂಕಾಲು ಅಡಿ ಅಗಲ. ಮೂರು ಉದ್ದನೆಯ ಬಟ್ಟೆಪಟ್ಟಿಗಳನ್ನು ಹೊಲಿದು ಮಾಡಿದ ಕ್ಯಾನ್ವಾಸ್. ಎಡ ಬಲ ಎರಡೂ ಅಂಚು ಹಿಂದೆ ಯಾವಾಗಲೋ ಕತ್ತರಿಸಿಹೋಗಿವೆ. ಈಗ ಇರುವುದು ಮ್ಯಾಡ್ರಿಡ್‌ನ ಪ್ರಾಡೋ ಮ್ಯೂಸಿಯಂನಲ್ಲಿ.

ಗಾತ್ರವನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದೆ ನಿಂತಿರುವವರು ಹೆಚ್ಚುಕಡಿಮೆ ನಿಜವಾದ ಮನುಷ್ಯರ ಅಳತೆಯಲ್ಲೇ ಇದ್ದಾರೆ. ಪುಸ್ತಕದಲ್ಲಿ ಅಂಗೈಯಗಲ ನೋಡಿದವರಿಗೆ ಇದು ಗುಂಪು ಫೋಟೋ. ಎದುರು ನಿಂತವರಿಗೆ ಪಕ್ಕದ ಕೋಣೆ.

ಇದರಾಗ ಯಾರ್ಯಾರು ಅದಾರ?

ಹನ್ನೊಂದು ಜನ, ಒಂದು ನಾಯಿ. ನಡುವೆ ಬಿಳಿ ಉಡುಪಿನಲ್ಲಿ ರಾಜಕುಮಾರಿ ಮಾರ್ಗರೀಟಾ, ಐದು ವರ್ಷದವಳು (ಹುಟ್ಟಿದ್ದು 1651ರ ಜುಲೈ). ಅವಳ ಎಡಕ್ಕೆ, ಅಂದರೆ ನೋಡುವವರ ಎಡಕ್ಕೆ, ಮೊಣಕಾಲೂರಿ ತಟ್ಟೆಯಲ್ಲಿ ಕೆಂಪು ಕುಡಿಕೆ ಹಿಡಿದವಳು ಮರಿಯಾ ಅಗುಸ್ತಿನಾ ಸರ್ಮಿಯೆಂತೋ. ಬಲಕ್ಕೆ ಬಾಗಿ ನಿಂತವಳು ಇಸಾಬೆಲ್ ದೆ ವೆಲಾಸ್ಕೋ. ಇಬ್ಬರೂ ರಾಜಕುಮಾರಿಯ ಸಖಿಯರು. ಬಲ ತುದಿಯಲ್ಲಿ ಆಸ್ಥಾನದ ಇಬ್ಬರು ಕುಬ್ಜರು: ಜರ್ಮನಿಯ ಮಾರಿ ಬಾರ್ಬೊಲಾ, ಇಟಲಿಯ ನಿಕೊಲಾಸ್ ಪೆರ್ತುಸಾತೋ. ನಿಕೊಲಾಸ್ ನಾಯಿಯ ಬೆನ್ನ ಮೇಲೆ ಕಾಲಿಟ್ಟಿದ್ದಾನೆ. ನಾಯಿಗೆ ಅದರ ಖಬರೇ ಇಲ್ಲ, ಕಣ್ಣು ಮುಚ್ಚಿ ಮಲಗಿದೆ. ಹಿಂದೆ ನೆರಳಿನಲ್ಲಿ ಕರಿಯ ವಿಧವೆ ಉಡುಪಿನ ಮಾರ್ಸೆಲಾ ದೆ ಉಯೋವಾ, ಪಕ್ಕದಲ್ಲಿ ಹೆಣ್ಣುಮಕ್ಕಳ ಕಾವಲಿನ ಅಧಿಕಾರಿ. ಹಿಂಬದಿಯ ಬಾಗಿಲಿನ ಮೆಟ್ಟಿಲ ಮೇಲೆ ರಾಣಿಯ ಅಧಿಕಾರಿ ಹೋಸೆ ನಿಯೆತೋ. ಎಡಕ್ಕೆ ಮಾರುದ್ದದ ಕ್ಯಾನ್ವಾಸಿನ ಹಿಂಬದಿ, ಅದರ ಪಕ್ಕದಲ್ಲಿ ಕುಂಚ ಹಿಡಿದ ವೆಲಾಸ್ಕೆಸ್ ತಾನೇ. ಹಿಂದಿನ ಗೋಡೆಯ ಕನ್ನಡಿಯಲ್ಲಿ ಮಸುಕಾಗಿ ರಾಜ ನಾಲ್ಕನೆಯ ಫಿಲಿಪ್, ರಾಣಿ ಮರಿಯಾನಾ.

ಇಷ್ಟು ಖಚಿತವಾಗಿ ಹೆಸರು ಹೇಳಲು ಆಗುವುದು ಅಂತೋನಿಯೋ ಪಲೊಮಿನೋ 1724ರಲ್ಲಿ ಅಚ್ಚು ಹಾಕಿಸಿದ ಚಿತ್ರಕಾರರ ಚರಿತ್ರೆಯಿಂದ. ಅವನು ವೆಲಾಸ್ಕೆಸ್‌ನನ್ನು ಕಂಡವನಲ್ಲ, ಆದರೆ ವೆಲಾಸ್ಕೆಸ್‌ನ ಶಿಷ್ಯ ಹುವಾನ್ ದೆ ಅಲ್ಫಾರೋನ ಟಿಪ್ಪಣಿಗಳು ಅವನ ಕೈಗೆ ಸಿಕ್ಕಿದ್ದವು. ಕಾವಲಿನ ಅಧಿಕಾರಿಯೊಬ್ಬನ ಹೆಸರನ್ನು ಮಾತ್ರ ಅವನು ಹೇಳಿಲ್ಲ.

‘ಲಾಸ್ ಮೆನಿನಾಸ್’ ಅಂದ್ರ ಏನು? ಗುಟ್ಟಿನ ಹೆಸರೇನು ಅದು?

ಗುಟ್ಟೇನಿಲ್ಲ. ‘ಮೆನಿನಾ’ ಪೋರ್ಚುಗೀಸ್ ಮಾತು, ಹುಡುಗಿ ಎಂದರ್ಥ. ರಾಜಕುಮಾರಿಯ ಸೇವೆಗೆ ಇಟ್ಟುಕೊಂಡ ಮನೆತನಸ್ಥರ ಹೆಣ್ಣುಮಕ್ಕಳಿಗೆ ಸ್ಪೇನಿನ ಆಸ್ಥಾನದಲ್ಲಿ ಹಾಗೆ ಕರೆಯುತ್ತಿದ್ದರು. ಆದರೆ ವೆಲಾಸ್ಕೆಸ್ ಈ ಹೆಸರು ಇಟ್ಟಿರಲಿಲ್ಲ. ಹಾಗಾಗಿ ಹೆಸರಿನ ಮೇಲೆ ಅರ್ಥ ಕಟ್ಟಲು ಹೋದವರು ಬುಡದಲ್ಲೇ ಎಡವುತ್ತಾರೆ.

1666ರ ಅರಮನೆ ಚಿತ್ರಗಳ ಪಟ್ಟಿಯಲ್ಲಿ ಇದು ಸಖಿಯರು ಮತ್ತು ಒಬ್ಬ ಕುಬ್ಜನ ಜೊತೆಗಿನ ಸಾಮ್ರಾಜ್ಞಿಯ ಭಾವಚಿತ್ರ. ಮಾರ್ಗರೀಟಾಳಿಗೆ ಆ ವರ್ಷ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯ ಜೊತೆ ಮದುವೆ, ಅದಕ್ಕೇ ಸಾಮ್ರಾಜ್ಞಿ. 1734ರ ಹೊತ್ತಿಗೆ ಹೆಸರು ‘ನಾಲ್ಕನೆಯ ಫಿಲಿಪನ ಕುಟುಂಬ’ ಎಂದಾಯಿತು. ‘ಲಾಸ್ ಮೆನಿನಾಸ್’ ಎಂದು ಮೊದಲು ಅಚ್ಚಾದದ್ದು 1843ರ ಪ್ರಾಡೋ ಕ್ಯಾಟಲಾಗ್‌ನಲ್ಲಿ. ಮೊದಲು ಮಗಳ ಚಿತ್ರ, ಆಮೇಲೆ ಮನೆತನದ ಚಿತ್ರ, ಕೊನೆಗೆ ಸಖಿಯರ ಚಿತ್ರ. ನೋಡುವವರ ಕಣ್ಣು ಎಲ್ಲೆಲ್ಲಿ ಸರಿಯಿತು ಎಂಬುದು ಈ ಮೂರು ಹೆಸರಿನಲ್ಲಿದೆ.

ರಾಜಗ ರಾಣಿ ಸೋದರಸೊಸಿ ಆಗಬೇಕಂತ, ಖರೇನ?

ಖರೆ. ಈ ಪ್ರಶ್ನೆಗೆ ಯುರೋಪಿನ ಪುಸ್ತಕಗಳು ವಂಶವೃಕ್ಷದ ಅರ್ಧ ಪುಟ ಬರೆದು ತಿಣುಕುತ್ತವೆ. ನಮ್ಮ ಕಡೆ ಒಂದೇ ಮಾತು ಸಾಕು: ಸೋದರಮಾವನಿಗೆ ಕೊಟ್ಟರು.

ಮರಿಯಾನಾಳ ತಾಯಿ ಫಿಲಿಪನ ತಂಗಿ. ಹುಡುಗಿಯನ್ನು ಮೊದಲು ಗೊತ್ತು ಮಾಡಿದ್ದು ಫಿಲಿಪನ ಮಗ ಬಾಲ್ತಸಾರ್ ಕಾರ್ಲೋಸ್‌ಗೆ. ಅಂದರೆ ಸೋದರಮಾವನ ಮಗನಿಗೆ. ಆ ಹುಡುಗ 1646ರಲ್ಲಿ ಹದಿನಾರಕ್ಕೇ ತೀರಿಕೊಂಡ. ಫಿಲಿಪನ ಮೊದಲ ಹೆಂಡತಿ 1644ರಲ್ಲೇ ಹೋಗಿದ್ದಳು. 1649ರಲ್ಲಿ ಮಗನಿಗೆ ತರಬೇಕಿದ್ದ ಹೆಣ್ಣನ್ನು ತಂದೆಯೇ ತಂದುಕೊಂಡ. ಅವನಿಗೆ 44, ಅವಳಿಗೆ 14.

ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಅವರ ಮಗಳು ಮಾರ್ಗರೀಟಾಳನ್ನು 1666ರಲ್ಲಿ ಚಕ್ರವರ್ತಿ ಮೊದಲನೆಯ ಲಿಯೊಪೋಲ್ಡ್‌ಗೆ ಕೊಟ್ಟರು. ಅವನು ಮರಿಯಾನಾಳ ತಮ್ಮ. ಮತ್ತೆ ಸೋದರಮಾವ! ಚಿತ್ರದ ನಡುವೆ ಬೆಳಕಿನಲ್ಲಿ ನಿಂತ ಈ ಹುಡುಗಿ 1673ರಲ್ಲಿ, 21ರ ವಯಸ್ಸಿಗೆ ವಿಯೆನ್ನಾದಲ್ಲಿ ತೀರಿಕೊಂಡಳು. ಅವಳು ಚಿಕ್ಕವಳಿದ್ದಾಗ ವೆಲಾಸ್ಕೆಸ್ ಬರೆದ ಬೇರೆ ಭಾವಚಿತ್ರಗಳು ಇವತ್ತಿಗೂ ವಿಯೆನ್ನಾದಲ್ಲಿವೆ. ಹುಡುಗಿ ಹೇಗೆ ಬೆಳೆಯುತ್ತಿದ್ದಾಳೆ ಎಂದು ಬೀಗರಿಗೆ ತೋರಿಸಲು ಕಳಿಸಿದವು.

ನಡುವ ಹುಡುಗೀನ ಯಾಕ ನಿಲ್ಲಿಸ್ಯಾನ? ಗಂಡುಮಗ ಎಲ್ಲಿ?

ಗಂಡುಮಗ ಇರಲಿಲ್ಲ. ಬಾಲ್ತಸಾರ್ 1646ರಲ್ಲಿ ಸತ್ತ, ಮುಂದಿನ ಗಂಡುಮಗು ಫೆಲಿಪೆ ಪ್ರೊಸ್ಪೆರೋ ಹುಟ್ಟಿದ್ದು 1657ರ ನವೆಂಬರ್‌ನಲ್ಲಿ. ಚಿತ್ರ ಬರೆದ 1656 ಈ ಎರಡರ ನಡುವಿನ ಖಾಲಿ ಹೊತ್ತು. ಮೊದಲ ಹೆಂಡತಿಯ ಮಗಳು ಮರಿಯಾ ತೆರೇಸಾ ಆಗ ಬದುಕಿದ್ದಳು, ಆದರೆ ಚಿತ್ರದಲ್ಲಿಲ್ಲ.

ಇನ್ನೊಂದು ಮಾತನ್ನು ಜನ ಗಮನಿಸುವುದಿಲ್ಲ. ಚಿತ್ರದ ಕೋಣೆ ಮ್ಯಾಡ್ರಿಡ್‌ನ ಅಲ್ಕಸಾರ್ ಅರಮನೆಯಲ್ಲಿ ಬಾಲ್ತಸಾರ್ ಕಾರ್ಲೋಸ್ ಇದ್ದ ಭಾಗದ್ದು. ಅವನು ಸತ್ತ ಮೇಲೆ ಅಲ್ಲಿ ಚಿತ್ರಕಾರನ ಕೆಲಸ ನಡೆಯುತ್ತಿತ್ತು. ಮುಂಚೆ ಆ ಹುಡುಗನಿಗೆ ಗೊತ್ತಾಗಿದ್ದ ಹೆಣ್ಣು ಈಗ ಅವನ ಅಪ್ಪನ ಪಕ್ಕ ಕನ್ನಡಿಯಲ್ಲಿದ್ದಾಳೆ, ಅವಳ ಮಗಳು ಅವನ ಕೋಣೆಯಲ್ಲಿ ನಿಂತಿದ್ದಾಳೆ. ವೆಲಾಸ್ಕೆಸ್ ಇದನ್ನು ಬೇಕೆಂದೇ ಇಟ್ಟನೋ, ಇದ್ದ ಕೋಣೆಯನ್ನು ಇದ್ದ ಹಾಗೆ ಬರೆದನೋ ಎಂಬುದಕ್ಕೆ ಕಾಗದಪತ್ರದ ಆಧಾರವಿಲ್ಲ. ಆದರೆ ಚಿತ್ರ ನೇತುಹಾಕಿದ್ದು ರಾಜನ ಬೇಸಿಗೆ ಕಚೇರಿಯಲ್ಲಿ. ದಿನಾ ನೋಡುತ್ತಿದ್ದವನು ಆ ಹುಡುಗನ ಅಪ್ಪ. ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಚಿತ್ರಗಾರನ ಎದಿ ಮ್ಯಾಲಿನ ಕೆಂಪು ಶಿಲುಬಿ ಏನು? ಅದನ್ನ ರಾಜಾನ ಬರದಾನಂತ?

ಅದು ಸಾಂತಿಯಾಗೋ ಎಂಬ ಕುಲೀನ ಯೋಧರ (ನೈಟ್) ಪಂಗಡದ ಗುರುತು. ಇಲ್ಲಿ ತಾರೀಖು ನೋಡಬೇಕು. ಚಿತ್ರ 1656ರದು. ವೆಲಾಸ್ಕೆಸ್‌ಗೆ ಆ ಪಂಗಡದ ಪ್ರವೇಶ ಸಿಕ್ಕಿದ್ದು 1659ರ ನವೆಂಬರ್‌ನಲ್ಲಿ. ಅಂದರೆ ಶಿಲುಬೆ ಆಮೇಲೆ ಬಂದದ್ದು.

ರಾಜ ತಾನೇ ಬರೆದ ಎಂಬ ಮಾತನ್ನು ಪಲೊಮಿನೋ ಕೂಡ ‘ಕೆಲವರು ಹೇಳುತ್ತಾರೆ’ ಎಂದಷ್ಟೇ ಬರೆದಿದ್ದಾನೆ. ಅದನ್ನು ಅಷ್ಟಕ್ಕೇ ಬಿಡುವುದು ಮರ್ಯಾದೆ. ನಿಜವಾದ ಕಥೆಯೇ ಹೆಚ್ಚು ರುಚಿಯಾಗಿದೆ. ಆ ಪಂಗಡಕ್ಕೆ ಸೇರಲು ಮನೆತನ ಶುದ್ಧವಿರಬೇಕು, ಕೈಕಸುಬಿನಿಂದ ಹೊಟ್ಟೆ ಹೊರೆದಿರಬಾರದು. ನೂರಕ್ಕೂ ಹೆಚ್ಚು ಸಾಕ್ಷಿಗಳ ವಿಚಾರಣೆ ನಡೆಯಿತು. ‘ಇವನು ಚಿತ್ರ ಮಾರಿ ಬದುಕಿದವನಲ್ಲ, ರಾಜನ ಸಂತೋಷಕ್ಕೆ ಬರೆದವನು’ ಎಂದು ಜೊತೆಯ ಚಿತ್ರಕಾರರೇ ಸಾಕ್ಷಿ ನುಡಿದರು. ಹಾಗಿದ್ದೂ ಕುಲೀನತೆ ಸಾಬೀತಾಗಲಿಲ್ಲ. ಕೊನೆಗೆ ಪೋಪ್‌ನಿಂದ ವಿನಾಯಿತಿ ತರಿಸಿ ದಾಟಿಸಿದರು. ಮರುವರ್ಷ, 1660ರ ಆಗಸ್ಟ್‌ನಲ್ಲಿ ಅವನು ತೀರಿಕೊಂಡ. ಶಿಲುಬೆ ಧರಿಸಿ ಓಡಾಡಿದ್ದು ಒಂಬತ್ತು ತಿಂಗಳೂ ಇಲ್ಲ.

ಈಗ ಮತ್ತೊಮ್ಮೆ ಚಿತ್ರದಲ್ಲಿ ಅವನ ನಿಲುವು ನೋಡಿ. ರಾಜಕುಮಾರಿಯ ಜೊತೆ ಒಂದೇ ಕೋಣೆಯಲ್ಲಿ, ತಲೆ ಎತ್ತಿ, ಕುಂಚ ಹಿಡಿದು ನಿಂತಿದ್ದಾನೆ. ಸೊಂಟದಲ್ಲಿ ಅರಮನೆಯ ಅಧಿಕಾರದ ಕೀಲಿ. 1652ರಿಂದ ಅವನು ಅರಮನೆಯ ವಸತಿ ವ್ಯವಸ್ಥೆಯ ಮುಖ್ಯ ಅಧಿಕಾರಿ. ಕುಂಚ ಕೂಡ ಬಟ್ಟೆಗೆ ತಾಗಿಲ್ಲ, ಅವನು ಯೋಚಿಸುತ್ತಿದ್ದಾನೆ. ನಮ್ಮ ಕೆಲಸ ಕೈಯದಲ್ಲ, ತಲೆಯದು ಎಂದು ವಾದಿಸುವವನು ತನ್ನನ್ನು ಹಾಗೆಯೇ ಬರೆದುಕೊಳ್ಳುತ್ತಾನೆ.

ಹಿಂದಿನ ಗ್ವಾಡಿ ಮ್ಯಾಲೆ ಕರ್ರಗ ಎರಡು ದೊಡ್ಡ ಚಿತ್ರ ಅದಾವಲ್ಲ, ಅವು ಏನು?

ಮೊಬೈಲಿನ ಬೆಳಕು ಪೂರ್ತಿ ಏರಿಸಿ ನೋಡಿ, ಇಲ್ಲದಿದ್ದರೆ ಕಾಣುವುದಿಲ್ಲ. ವೆಲಾಸ್ಕೆಸ್‌ನ ಅಳಿಯ ಹುವಾನ್ ಬಾತಿಸ್ತಾ ಮಾಸೋ ಮಾಡಿದ ನಕಲುಗಳು ಅವು. ಒಂದು ಚಿತ್ರಕಾರ ರೂಬೆನ್ಸ್‌ನದು, ದೇವತೆ ಪಲ್ಲಾಸ್ ಮತ್ತು ನೇಕಾರ್ತಿ ಅರಾಕ್ನೆ. ಇನ್ನೊಂದು ಚಿತ್ರಕಾರ ಯೋರ್ಡಾನ್ಸ್‌ನದು, ಅಪೊಲೋ ಮತ್ತು ಪಾನ್. ಎರಡೂ ರೋಮನ್ ಕವಿ ಓವಿಡ್ ಹೇಳಿದ ಸ್ಪರ್ಧೆಯ ಕಥೆಗಳು.

ಗದಗ-ಬೆಟಗೇರಿಯ ಮಗ್ಗದ ಮನೆಯವರಿಗೆ ಮೊದಲನೆಯದು ತಟ್ಟನೆ ಹತ್ತುತ್ತದೆ. ಅರಾಕ್ನೆ ನೇಯ್ಗೆಯಲ್ಲಿ ದೇವತೆಗೇ ಸವಾಲು ಹಾಕಿದಳು. ನೆಯ್ದ ಬಟ್ಟೆಯಲ್ಲಿ ತಪ್ಪು ಸಿಗದೆ ದೇವತೆ ಸಿಟ್ಟಾಗಿ ಅದನ್ನು ಹರಿದು ಅವಳನ್ನು ಜೇಡ ಮಾಡಿದಳು. ಎರಡನೆಯದು ಸಂಗೀತದ ಸ್ಪರ್ಧೆ: ತಂತಿವಾದ್ಯದ ಅಪೊಲೋ, ಕೊಳಲಿನ ಪಾನ್. ಧಾರವಾಡದಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಕಸುಬು ದೊಡ್ಡದೋ, ಕಲೆ ದೊಡ್ಡದೋ, ಅದನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಎರಡರಲ್ಲೂ ಇದೆ. ಆ ಕೋಣೆಯಲ್ಲಿ ಆ ನಕಲುಗಳು ನಿಜವಾಗಿ ಇದ್ದವು, ಆದ್ದರಿಂದ ವೆಲಾಸ್ಕೆಸ್ ಸಂಕೇತಕ್ಕೆಂದು ತಂದು ತೂಗಿದ್ದಲ್ಲ. ಆದರೂ ಅವೆರಡೂ ಕನ್ನಡಿ, ಬಾಗಿಲುಗಳ ಮೇಲುಗಡೆಗೇ ಬರುವ ಹಾಗೆ ಕೋನ ಆರಿಸಿಕೊಂಡವನು ಅವನೇ.

ಕನ್ನಡ್ಯಾಗ ಕಾಣೂ ರಾಜಾ-ರಾಣಿ ಖರೇನ ಎಲ್ಲಿ ಅದಾರ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಉತ್ತರ ಎರಡು.

ಒಂದು: ಅವರಿಬ್ಬರೂ ನಾವು ನಿಂತ ಜಾಗದಲ್ಲಿ ನಿಂತಿದ್ದಾರೆ. ವೆಲಾಸ್ಕೆಸ್ ಅವರ ಚಿತ್ರ ಬರೆಯುತ್ತಿದ್ದಾನೆ, ಮಗಳು ನೋಡಲು ಬಂದಿದ್ದಾಳೆ. ಅದಕ್ಕೇ ಇಷ್ಟು ಜನ ನಮ್ಮ ಕಡೆ ನೋಡುತ್ತಿದ್ದಾರೆ.

ಎರಡು: ಕನ್ನಡಿ ತೋರಿಸುತ್ತಿರುವುದು ನಮಗೆ ಬೆನ್ನು ಹಾಕಿದ ಆ ದೊಡ್ಡ ಕ್ಯಾನ್ವಾಸಿನ ಮುಖವನ್ನು, ಅಂದರೆ ರಾಜ-ರಾಣಿಯರ ಚಿತ್ರವನ್ನು. ಕೋಣೆಯ ಗೆರೆಗಳನ್ನು ಎಳೆದು ನೋಡಿದರೆ ಅವು ಸೇರುವುದು ಕನ್ನಡಿಯಲ್ಲಿ ಅಲ್ಲ, ಬಾಗಿಲಲ್ಲಿ ನಿಂತ ನಿಯೆತೋನ ತೋಳಿನ ಹತ್ತಿರ. ನಮ್ಮ ಕಣ್ಣು ಅದರ ಎದುರಿಗಿದೆ. ಬಾಗಿಲ ಎದುರು ನಿಂತವನಿಗೆ ಎಡಗಡೆಯ ಕನ್ನಡಿಯಲ್ಲಿ ತನ್ನ ಮುಖ ಕಾಣುವುದಿಲ್ಲ, ಇನ್ನೂ ಎಡಕ್ಕಿರುವುದು ಕಾಣುತ್ತದೆ. ಎಡಕ್ಕಿರುವುದು ಕ್ಯಾನ್ವಾಸ್. 1980ರಲ್ಲಿ ವಿದ್ವಾಂಸರಾದ ಜೋಯಲ್ ಸ್ನೈಡರ್ ಮತ್ತು ಟೆಡ್ ಕೋಹೆನ್ ಈ ವಾದವನ್ನು ಗಟ್ಟಿಯಾಗಿ ಮಂಡಿಸಿದರು.

ಎರಡನೆಯದಕ್ಕೆ ಒಂದು ತೊಡಕಿದೆ. ವೆಲಾಸ್ಕೆಸ್ ಬರೆದ ರಾಜ-ರಾಣಿಯರ ಅಷ್ಟು ದೊಡ್ಡ ಜೋಡಿಚಿತ್ರ ಎಲ್ಲೂ ಸಿಕ್ಕಿಲ್ಲ, ಅರಮನೆಯ ಪಟ್ಟಿಯಲ್ಲೂ ಇಲ್ಲ. ನಮ್ಮ ಒಲವು ಎರಡನೆಯದರ ಕಡೆಗೇ, ಆದರೆ ಅದು ಜ್ಯಾಮಿತಿಯ ಬಲದ ಮೇಲೆ ಮಾತ್ರ.

‘ಕನ್ನಡಿ ಎಡ-ಬಲ ತಿರುಗಿಸುತ್ತದೆ, ಅದರಿಂದ ಗೊತ್ತಾಗುತ್ತದೆ’ ಎಂದು ವಾದಿಸುವವರು ಇದ್ದಾರೆ. ಗೊತ್ತಾಗುವುದಿಲ್ಲ. ಕನ್ನಡಿಯಲ್ಲಿ ರಾಣಿ ಎಡಕ್ಕೆ, ರಾಜ ಬಲಕ್ಕೆ. ಅವರು ನಮ್ಮ ಸಾಲಿನಲ್ಲಿ ಕನ್ನಡಿಯ ಕಡೆ ಮುಖ ಮಾಡಿದ್ದರೆ ರಾಣಿ ರಾಜನ ಎಡಗೈ ಕಡೆಗೆ ಇದ್ದ ಹಾಗಾಯಿತು, ಅದು ಆಸ್ಥಾನದ ರೀತಿ. ಕ್ಯಾನ್ವಾಸಿನ ಮೇಲೆ ಬರೆದಿದ್ದರೆ ಅಲ್ಲೂ ರಾಣಿ ರಾಜನ ಎಡಗೈ ಕಡೆಗೇ ಬರುತ್ತಾಳೆ. ಎರಡೂ ಲೆಕ್ಕ ಸರಿಹೊಂದುತ್ತವೆ.

ಗೆರಿ ಎಳೆದು ನೋಡೂದು ಹೆಂಗ?

ಬೇಕಾದದ್ದು: ಎ3 ಅಳತೆಯ ಒಂದು ಪ್ರಿಂಟ್, ಅದಕ್ಕಿಂತ ದೊಡ್ಡ ಡ್ರಾಯಿಂಗ್ ಬೋರ್ಡ್, ನಾಲ್ಕಾರು ಗುಂಡುಸೂಜಿ, ಬಿಳಿ ಹೊಲಿಗೆ ದಾರ. ಪೆನ್ಸಿಲ್ ಬೇಡ, ಕತ್ತಲೆಯ ಭಾಗದಲ್ಲಿ ಕಾಣುವುದಿಲ್ಲ.

ಬಲಗಡೆಯ ಗೋಡೆ ಮತ್ತು ಛಾವಣಿ ಸೇರುವ ಅಂಚಿಗೆ ಒಂದು ದಾರ ಬಿಗಿಯಿರಿ. ಅದೇ ಗೋಡೆಯ ಕಿಟಕಿ ಚೌಕಟ್ಟುಗಳ ಮೇಲಂಚಿಗೆ ಎರಡನೆಯದು. ಛಾವಣಿಯಲ್ಲಿ ದೀಪ ತೂಗುವ ಎರಡು ಕೊಂಡಿಗಳಿವೆ (ದೀಪಗಳಿಲ್ಲ, ಕೊಂಡಿ ಮಾತ್ರ). ಅವೆರಡನ್ನೂ ಕೂಡಿಸಿ ಮೂರನೆಯದು. ಮೂರೂ ಬಾಗಿಲ ಕಡೆಗೆ ಓಡಿ ನಿಯೆತೋನ ತೋಳಿನ ಆಸುಪಾಸಿನಲ್ಲಿ ಕತ್ತರಿಸಿಕೊಳ್ಳುತ್ತವೆ. ಕೂದಲೆಳೆಯಷ್ಟು ಆಚೀಚೆ ಆಗುತ್ತದೆ, ಚಿಂತಿಲ್ಲ.

ತಪ್ಪಾಗುವುದು ಮೂರು ಕಡೆ. ಪುಸ್ತಕದ ಪುಟವನ್ನು ಮೊಬೈಲಿನಲ್ಲಿ ತೆಗೆದು ಪ್ರಿಂಟ್ ಹಾಕಿದರೆ ಲೆನ್ಸಿನಿಂದ ಗೆರೆ ಬಾಗಿರುತ್ತದೆ, ದಾರಗಳು ಸೇರುವುದೇ ಇಲ್ಲ. ಪ್ರಾಡೋ ಜಾಲತಾಣದ ಚಿತ್ರವನ್ನೇ ಬಳಸಿ. ಎರಡನೆಯದು, ಎಡಗಡೆಯ ಕ್ಯಾನ್ವಾಸಿನ ಅಂಚಿಗೆ ದಾರ ಕಟ್ಟುವುದು. ಕ್ಯಾನ್ವಾಸ್ ಒರಗಿ ನಿಂತಿದೆ, ಗೋಡೆಗೆ ಸಮಾನಾಂತರವಲ್ಲ, ಅದರ ಗೆರೆ ಬೇರೆಲ್ಲೋ ಹೋಗುತ್ತದೆ. ಮೂರನೆಯದು, ಹಿಂದಿನ ಗೋಡೆಯ ಅಡ್ಡಗೆರೆಗಳನ್ನು ಎಳೆಯುವುದು. ಅವು ನಮಗೆ ಎದುರಾಗಿವೆ, ಎಲ್ಲಿಯೂ ಸೇರುವುದಿಲ್ಲ.

ಕನ್ನಡಿ ಪ್ರಯೋಗ ಸಾಲ್ಯಾಗ ಮಾಡಬಹುದೇನು?

ಮಾಡಲೇಬೇಕು. ಹತ್ತು ಪುಟ ಓದಿ ಅರ್ಥವಾಗದ್ದು ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ. ಹಳೆಯ ವಾಡೆಯ ಪಡಸಾಲೆ ಸಿಕ್ಕರೆ ಬಹಳ ಛಲೋ: ಉದ್ದನೆಯ ಕೋಣೆ, ಒಂದೇ ಕಡೆ ಬೆಳಕು, ಕೊನೆಗೆ ಬಾಗಿಲು. ಇಲ್ಲದಿದ್ದರೆ 20 ಅಡಿ ಉದ್ದ, 16 ಅಡಿ ಅಗಲದ ಯಾವ ಕೋಣೆಯಾದರೂ ಸರಿ, ಬಾಗಿಲಿನ ನಡುವಿನಿಂದ ಎಡಕ್ಕೆ 11 ಅಡಿ ಜಾಗವಿದ್ದರೆ ಆಯಿತು.

ಸಾಮಾನು: ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರದ ಕನ್ನಡಿ. ಸ್ಟ್ಯಾಂಡ್ ಮೇಲಿನ ನಾಲ್ಕು ಅಡಿ ಅಗಲದ ಬೋರ್ಡ್. ಅಳತೆ ಟೇಪು, ಸೀಮೆಸುಣ್ಣ, ದಾರ, ಎರಡು ಕುರ್ಚಿ.

ಹಿಂದಿನ ಗೋಡೆಯಲ್ಲಿ ಬಾಗಿಲಿನ ನಡುಗೆರೆಯಿಂದ ಎಡಕ್ಕೆ 3 ಅಡಿ ಅಳೆದು, ಆ ಜಾಗದಲ್ಲಿ ಕನ್ನಡಿಯ ನಡು ಬರುವಂತೆ ತೂಗುಹಾಕಿ. ಎತ್ತರ ನೋಡುವವರ ಕಣ್ಣಿನ ಮಟ್ಟ. ನೋಡುವವರು ಬಾಗಿಲಿನ ನಡುವಿಗೆ ನೇರವಾಗಿ, ಗೋಡೆಯಿಂದ 15 ಅಡಿ ದೂರದಲ್ಲಿ ನಿಲ್ಲಲಿ. ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ. ಈಗ ಬೋರ್ಡನ್ನು ಗೋಡೆಯಿಂದ 10 ಅಡಿ ದೂರದಲ್ಲಿ, ಅದರ ನಡು ಕನ್ನಡಿಯ ನಡುವಿನಿಂದ 2 ಅಡಿ ಎಡಕ್ಕೆ ಬರುವಂತೆ, ಮುಖ ಗೋಡೆಯ ಕಡೆ ಮಾಡಿ ನಿಲ್ಲಿಸಿ. ನೋಡುವವರಿಗೆ ಬೋರ್ಡಿನ ಬೆನ್ನು ಮಾತ್ರ ಕಾಣಬೇಕು. ಬೋರ್ಡಿನ ನಡುವೆ, ಕಣ್ಣಿನ ಮಟ್ಟಕ್ಕೆ, ಎರಡು ಮುಖಗಳ ಚಿತ್ರ ಅಂಟಿಸಿ. ಅದರ ಅಗಲ ಎರಡೂವರೆ ಅಡಿ ಮೀರದಿರಲಿ, ಏಕೆಂದರೆ ಈ ಅಳತೆಯಲ್ಲಿ ಒಂದೂವರೆ ಅಡಿಯ ಕನ್ನಡಿ ಬೋರ್ಡಿನ ಮೇಲೆ ಎರಡೂವರೆ ಅಡಿಯಷ್ಟನ್ನೇ ತೋರಿಸುತ್ತದೆ.

ಗುರುತಿನ ಮೇಲೆ ನಿಂತು ನೋಡಿದರೆ ಕನ್ನಡಿಯಲ್ಲಿ ಆ ಎರಡು ಮುಖಗಳು ಕಾಣುತ್ತವೆ. ಎರಡೂವರೆ ಅಡಿ ಎಡಕ್ಕೆ ಸರಿದರೆ ನಿಮ್ಮ ಮುಖವೇ ಕಾಣುತ್ತದೆ. ಇನ್ನು ಎರಡನೇ ಹಂತ. ನೋಡುವವರಿಂದ 6 ಅಡಿ ಎಡಕ್ಕೆ, ಅದೇ ಸಾಲಿನಲ್ಲಿ, ಎರಡು ಕುರ್ಚಿ ಹಾಕಿ ಇಬ್ಬರನ್ನು ಕೂಡಿಸಿ. ಬೋರ್ಡ್ ಅಡ್ಡ ಇರುವುದರಿಂದ ಅವರು ಕಾಣುವುದಿಲ್ಲ. ಬೋರ್ಡನ್ನು ಮೂರೂವರೆ ಅಡಿ ಎಡಕ್ಕೆ ಸರಿಸಿ. ಈಗ ಕೂತವರು ಕನ್ನಡಿಯಲ್ಲಿ ಬಂದರು, ಬೋರ್ಡಿನ ಮುಖ ಮಾಯವಾಯಿತು! ಅಂದರೆ ಇಡೀ ಜಗಳ ನಿಂತಿರುವುದು ಕ್ಯಾನ್ವಾಸ್ ಎಷ್ಟು ಎಡಕ್ಕಿದೆ, ಎಷ್ಟು ಓರೆಯಾಗಿದೆ ಎಂಬುದರ ಮೇಲೆ. ಅದನ್ನೇ ವೆಲಾಸ್ಕೆಸ್ ಚೌಕಟ್ಟಿನ ಅಂಚಿಗೆ ಕತ್ತರಿಸಿ ಅರ್ಧ ಮರೆಮಾಡಿದ್ದಾನೆ.

ನಾವು ಮಾಡಿದ್ವಿ, ಕನ್ನಡ್ಯಾಗ ಬರೇ ನೆಲ ಕಾಣಸ್ತದ. ಯಾಕ?

ಮೊಳೆಗೆ ದಾರ ಕಟ್ಟಿ ತೂಗುಹಾಕಿದ ಕನ್ನಡಿಯ ತಲೆ ಮುಂದಕ್ಕೆ ಬಾಗಿರುತ್ತದೆ. ಮೇಲಂಚಿನ ಹಿಂದೆ ಉಳಿದ ಸಂದಿಯಷ್ಟೇ ದಪ್ಪಕ್ಕೆ ಮಡಿಚಿದ ರಟ್ಟನ್ನು ಕೆಳಂಚಿನ ಹಿಂದೆ ತುರುಕಿ, ಕನ್ನಡಿ ಗೋಡೆಗೆ ಸಮವಾಗುತ್ತದೆ. ಕನ್ನಡಿ ಕಪ್ಪಾಗಿ ಕಂಡರೆ ದೋಷ ಕನ್ನಡಿಯದಲ್ಲ, ಬೋರ್ಡಿನ ಮುಖಕ್ಕೆ ಬೆಳಕು ಸಾಲದು. ಕಿಟಕಿ ಬಲಗಡೆಗೆ ಬರುವ ಕೋಣೆ ಆರಿಸಿ ಅಥವಾ ಬಲದಿಂದ ಟ್ಯೂಬ್‌ಲೈಟ್ ಹಿಡಿಯಿರಿ. ಮೊಬೈಲಿನಲ್ಲಿ ಫೋಟೋ ತೆಗೆಯುವಾಗ ವೈಡ್ ಲೆನ್ಸ್ ಬೇಡ, ಕನ್ನಡಿ ಬೆಂಕಿಪೊಟ್ಟಣದಷ್ಟಾಗುತ್ತದೆ. ಮಕ್ಕಳನ್ನು ನಿಲ್ಲಿಸಿ ನೋಡಿಸುವುದಾದರೆ ಕನ್ನಡಿಯನ್ನೂ ಬೋರ್ಡಿನ ಚಿತ್ರವನ್ನೂ ಅವರ ಕಣ್ಣಿನ ಮಟ್ಟಕ್ಕೆ ಇಳಿಸಿ.

ಪೂರಾ ಅಳತಿ ಫ್ಲೆಕ್ಸ್ ಹಾಕಿಸಬಹುದೇನು?

ಹಾಕಿಸಬಹುದು. ಒಂಬತ್ತೂಕಾಲು ಅಡಿ ಅಗಲ ಹತ್ತಡಿಯ ರೋಲಿನಲ್ಲಿ ಜೋಡಣೆಯಿಲ್ಲದೆ ಕೂಡುತ್ತದೆ. ಒಟ್ಟು ಸುಮಾರು 97 ಚದರಡಿ. ಮೊದಲು ತೂಗುಹಾಕುವ ಗೋಡೆ ಅಳೆಯಿರಿ. ಸಾಮಾನ್ಯ ಕ್ಲಾಸ್‌ರೂಮಿನ ಹತ್ತಡಿ ಎತ್ತರಕ್ಕೆ ಇದು ಹಿಡಿಸುವುದಿಲ್ಲ, 12 ಅಡಿಯ ಹಾಲ್ ಬೇಕು. ಇಲ್ಲದಿದ್ದರೆ ಅರ್ಧ ಅಳತೆಗೆ ಇಳಿಯಿರಿ.

ಫೈಲು ಕನಿಷ್ಠ 5,500 × 6,300 ಪಿಕ್ಸೆಲ್ ಇರಲಿ. ಪೂರ್ಣ ಅಳತೆಯಲ್ಲಿ ಇಂಚಿಗೆ 50 ಚುಕ್ಕಿ ಬರುತ್ತದೆ, ಎರಡು ಮೀಟರ್ ದೂರದಿಂದ ಸಾಕು. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಬೇಡಿ, ಅದು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ ಅಥವಾ ಪೆನ್‌ಡ್ರೈವ್ ಒಯ್ಯಿರಿ.

ನಿಜವಾಗಿ ಕೆಡುವುದು ಕಪ್ಪು. ಈ ಚಿತ್ರದ ಮೇಲರ್ಧದಲ್ಲಿ ಮನುಷ್ಯರೇ ಇಲ್ಲ. ಛಾವಣಿ, ನೆರಳು, ಮಸುಕಾದ ಎರಡು ಚಿತ್ರ, ಅಷ್ಟೇ. ಫ್ಲೆಕ್ಸ್ ಮಷೀನು ಅದನ್ನೆಲ್ಲ ಒಂದೇ ಡಾಂಬರು ಮಾಡುತ್ತದೆ. ಪ್ರಿಂಟಿಗೆ ಕೊಡುವ ಮುಂಚೆ ನೆರಳಿನ ಭಾಗವನ್ನಷ್ಟೇ ತುಸು ತಿಳಿಗೊಳಿಸಿ, ಹಿಂದಿನ ಗೋಡೆಯ ಒಂದು ಚದರಡಿ ಪರೀಕ್ಷೆಗೆ ತೆಗೆಸಿ. ಪಲ್ಲಾಸ್, ಅರಾಕ್ನೆ ಕಂಡರೆ ಮುಂದುವರಿಸಿ. ಹೊಳೆಯುವ ಫ್ಲೆಕ್ಸಿಗಿಂತ ಮ್ಯಾಟ್ ಬಟ್ಟೆ ಬ್ಯಾನರ್ ವಾಸಿ, ಟ್ಯೂಬ್‌ಲೈಟ್ ಪ್ರತಿಫಲಿಸುವುದಿಲ್ಲ. ಮೇಲೂ ಕೆಳಗೂ ಕಟ್ಟಿಗೆ ಪಟ್ಟಿ ಹಾಕಿಸಿ. ಬರೀ ಅಂಚಿನ ಲೋಹದ ತೂತುಗಳಿಗೆ ಹಗ್ಗ ಕಟ್ಟಿದರೆ ನಡುವೆ ಮಡಿಕೆ ಬಿದ್ದು ಮಾರ್ಗರೀಟಾಳ ಮುಖ ಸೊಟ್ಟಗಾಗುತ್ತದೆ.

ಆ ಕೆಂಪು ಕುಡಿಕಿ ಏನು? ವಿಷ ಅಂತ ಯಾರೋ ಹೇಳಿದ್ರು.

ವಿಷವಲ್ಲ. ‘ಬುಕಾರೋ’ ಎಂಬ ಸುವಾಸನೆಯ ಕೆಂಪು ಮಣ್ಣಿನ ಕುಡಿಕೆ. ಈ ಬಗೆಯವನ್ನು ಮೆಕ್ಸಿಕೋದ ಗ್ವಾದಲಹಾರಾ ಕಡೆಯಿಂದ ತರಿಸುತ್ತಿದ್ದರು. ಮಣ್ಣಿನ ಹರವಿಯಂತೆ ನೀರು ತಣ್ಣಗಿಡುತ್ತದೆ, ನೀರಿಗೆ ಮಣ್ಣಿನ ಘಮ ಬರುತ್ತದೆ. ಸ್ಪೇನಿನ ಸಿರಿವಂತ ಹೆಂಗಸರು ನೀರು ಕುಡಿದು ಕುಡಿಕೆಯ ಚೂರನ್ನೂ ಅಗಿಯುತ್ತಿದ್ದರು, ಮುಖ ಬೆಳ್ಳಗಾಗುತ್ತದೆ ಎಂಬ ನಂಬಿಕೆಯಿಂದ. ಬಸುರಿಯರ ಮಣ್ಣಿನ ಬಯಕೆ ಕಂಡ ನಮ್ಮವರಿಗೆ ಇದು ವಿಚಿತ್ರ ಅನಿಸಲಿಕ್ಕಿಲ್ಲ. ಐದು ವರ್ಷದ ಹುಡುಗಿಗೆ ಇಲ್ಲಿ ಕೊಡುತ್ತಿರುವುದು ನೀರು, ಅಷ್ಟೇ.

ಆ ಕುಡಿಕೆಯನ್ನು ಹತ್ತಿರದಿಂದ ದೊಡ್ಡದು ಮಾಡಿ ನೋಡಿ. ನಾಲ್ಕಾರು ಕೆಂಪು ಹೊಡೆತ, ಒಂದು ಬಿಳಿ ಚುಕ್ಕೆ. ಮಾರ್ಗರೀಟಾಳ ತೋಳಿನ ಜರಿಯೂ ಹಾಗೇ: ಹತ್ತಿರಕ್ಕೆ ಹೋದರೆ ಬಣ್ಣದ ಗೀಚು, ಎರಡು ಮಾರು ಹಿಂದೆ ಸರಿದರೆ ರೇಷ್ಮೆ.

ನಮ್ಮ ಹಳೇ ಪುಸ್ತಕದಾಗ ಚಿತ್ರ ಹಳದಿ ಐತಿ, ಮೊಬೈಲ್ನಾಗ ಬೆಳ್ಳಿ ಬಣ್ಣ. ಯಾವುದು ಖರೆ?

ಮೊಬೈಲಿನದು. ಮೇಲಿನ ವಾರ್ನಿಷ್ ಹಳದಿಯಾಗಿತ್ತು. 1984ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ಜಾನ್ ಬ್ರೀಲಿ ಮ್ಯಾಡ್ರಿಡ್‌ಗೆ ಬಂದು ಅದನ್ನು ಶುಚಿಗೊಳಿಸಿದರು. ಅದಕ್ಕೂ ಮುಂಚಿನ ಮುದ್ರಣವಾದರೆ ಆ ಚಹಾದ ಬಣ್ಣ ಇದ್ದದ್ದೇ. ನಕಲು ಮಾಡುವವರು ಅಂಥ ಪುಸ್ತಕ ಎದುರಿಗಿಟ್ಟುಕೊಂಡು ಓಕರ್ ಬಳಿಯುವುದು ಬಹಳ ಸಲ ನಡೆಯುತ್ತದೆ. ಬೇಡ.

ಹಳೆಯ ಗಾಯವೂ ಒಂದಿದೆ. 1734ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಅಲ್ಕಸಾರ್ ಅರಮನೆಗೆ ಬೆಂಕಿ ಬಿತ್ತು. ನೂರಾರು ಚಿತ್ರ ಸುಟ್ಟವು. ವೆಲಾಸ್ಕೆಸ್ ಮೊರಿಸ್ಕೋ ಜನರ (ಇಸ್ಲಾಮಿನಿಂದ ಕ್ರೈಸ್ತರಾದವರ) ಗಡಿಪಾರನ್ನು ಬರೆದ ದೊಡ್ಡ ಚಿತ್ರವೂ ಆಗಲೇ ಹೋಯಿತು. ಇದು ಉಳಿಯಿತು, ಮಾರ್ಗರೀಟಾಳ ಎಡಗೆನ್ನೆ ಕೆಟ್ಟಿತ್ತು. ಹುವಾನ್ ಗಾರ್ಸಿಯಾ ದೆ ಮಿರಾಂದಾ ಎಂಬ ಆಸ್ಥಾನ ಚಿತ್ರಕಾರ ತಿದ್ದಿದ. ಚಿತ್ರದ ಕೋಣೆ ಮಾತ್ರ ಈಗ ಇರುವುದು ಈ ಚಿತ್ರದಲ್ಲೇ.

ನಕ್ಷತ್ರದ ಗುಟ್ಟು, ಅದು ಇದು ಅಂತ ಯೂಟ್ಯೂಬ್‌ನಾಗ ಬರ್ತಾವಲ್ಲ?

ಚಿತ್ರದ ಕೆಲವರನ್ನು ಗೆರೆಯಿಂದ ಕೂಡಿಸಿದರೆ ಉತ್ತರ ಕಿರೀಟ ಎಂಬ ನಕ್ಷತ್ರಪುಂಜ ಆಗುತ್ತದೆ, ಅದರ ಹೊಳೆಯುವ ನಕ್ಷತ್ರಕ್ಕೆ ಮಾರ್ಗರೀಟಾ ಎಂಬ ಹೆಸರೂ ಉಂಟು ಎಂಬ ವಾದವಿದೆ. ಕೇಳಲು ಚೆಂದ. ಆದರೆ ಹನ್ನೊಂದು ಜನರಲ್ಲಿ ಬೇಕಾದವರನ್ನಷ್ಟೇ ಆರಿಸಿಕೊಂಡರೆ ಸಪ್ತರ್ಷಿ ಮಂಡಲವನ್ನೂ ಮಾಡಬಹುದು. ವೆಲಾಸ್ಕೆಸ್ ಕನ್ನಡಿಯೊಂದರಲ್ಲಿ ತನ್ನನ್ನು ನೋಡಿ ಇಡೀ ಚಿತ್ರ ಬರೆದ ಎಂಬುದೂ ನಿಲ್ಲುವುದಿಲ್ಲ. ಹಾಗಿದ್ದರೆ ಅವನು ಎಡಗೈಯಲ್ಲಿ ಕುಂಚ ಹಿಡಿದಂತೆ ಕಾಣಬೇಕಿತ್ತು, ಕೋಣೆಯ ಕಿಟಕಿಗಳೂ ಆಚೆ ಬದಿಗೆ ಹೋಗಬೇಕಿತ್ತು.

ಕುಬ್ಜರನ್ನ ಅಪಹಾಸ್ಯಕ್ಕ ನಿಲ್ಲಿಸ್ಯಾನೇನು?

ಆಸ್ಥಾನ ಅವರನ್ನು ಇಟ್ಟುಕೊಂಡದ್ದು ಮನರಂಜನೆಗೆ, ಅದರಲ್ಲಿ ಅನುಮಾನವಿಲ್ಲ. ಆದರೆ ವೆಲಾಸ್ಕೆಸ್ ಮಾರಿ ಬಾರ್ಬೊಲಾಳನ್ನು ಹೇಗೆ ಬರೆದಿದ್ದಾನೆ ನೋಡಿ. ಸಖಿಯರು ಬಾಗಿದ್ದಾರೆ, ಅವಳು ನೆಟ್ಟಗೆ ನಿಂತು ನಮ್ಮ ಕಣ್ಣಿಗೆ ಕಣ್ಣಿಟ್ಟಿದ್ದಾಳೆ. ನಿಕೊಲಾಸ್ ಮುಂದೆ ಅರಮನೆಯಲ್ಲಿ ರಾಜನ ಖಾಸಗಿ ಸೇವಕನ ಹುದ್ದೆಗೂ ಏರಿದ.

ಮ್ಯಾಡ್ರಿಡ್‌ಗೆ ಹೋದ್ರ ಎಲ್ಲಿ, ಹೆಂಗ ನೋಡಬೇಕು?

ಪ್ರಾಡೋ, ಕೋಣೆ ಸಂಖ್ಯೆ 12. ಸೋಮವಾರದಿಂದ ಶನಿವಾರ ಬೆಳಿಗ್ಗೆ 10ರಿಂದ ರಾತ್ರಿ 8, ಭಾನುವಾರ 7ರವರೆಗೆ. ಕೊನೆಯ ಎರಡು ತಾಸು ಪುಕ್ಕಟೆ, ಆದರೆ ಸರತಿ ಉದ್ದ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಟಿಕೆಟ್ ಕೊಟ್ಟು ನೇರ 12ಕ್ಕೆ ನಡೆಯುವುದು ಲಾಭ. ಒಳಗೆ ಫೋಟೋ ತೆಗೆಯುವಂತಿಲ್ಲ.

ಜನ ಚಿತ್ರದ ನಡುವೆ, ಮಾರ್ಗರೀಟಾಳ ಎದುರು ಗುಂಪುಗೂಡುತ್ತಾರೆ. ನೀವು ತುಸು ಬಲಕ್ಕೆ ಸರಿದು ಬಾಗಿಲಲ್ಲಿ ನಿಂತ ನಿಯೆತೋನ ಎದುರಿಗೆ ನಿಲ್ಲಿ. ಮೊದಲು ಹಿಂದೆ ಸರಿದು ನೆಲವೂ ಚಿತ್ರದ ನೆಲವೂ ಕೂಡಿಕೊಳ್ಳುವ ದೂರ ಹುಡುಕಿ, ಆಮೇಲೆ ಹತ್ತಿರ ಹೋಗಿ ಆ ಕುಡಿಕೆ ನೋಡಿ. ಬಲಗಡೆ ಜನ ಕಡಿಮೆ ಇರುತ್ತಾರೆ, ನಾಯಿಯೂ ಅಲ್ಲೇ ಇದೆ.